ಪಿತ್ರಾರ್ಜಿತ ಕೈಗಡಿಯಾರ: ಪಾಠನಿರ್ಣಯ ಮತ್ತು ಜೀರ್ಣೋದ್ಧಾರ

ಪುಣೆಯ ಕನ್ನಡಿಗರ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ವಸ್ತುಗಳ ಪೈಕಿ ಕೈಗಡಿಯಾರಕ್ಕೆ ಒಂದು ವಿಚಿತ್ರವಾದ ಸ್ಥಾನವುಂಟು. ತಾಮ್ರದ ಹಂಡೆಯನ್ನು ಮಾರಿಬಿಡುತ್ತಾರೆ; ಹಳೆಯ ಪುಸ್ತಕಗಳನ್ನು ಯಾವುದಾದರೊಂದು ವಾಚನಾಲಯಕ್ಕೆ ಒಪ್ಪಿಸುತ್ತಾರೆ. ನಿಂತುಹೋದ ಗಡಿಯಾರವನ್ನು ಮಾತ್ರ ಮಾರುವುದೂ ಇಲ್ಲ, ಕಟ್ಟಿಕೊಳ್ಳುವುದೂ ಇಲ್ಲ. ಅದು ಕಪಾಟಿನ ಸೆಳೆಖಾನೆಯಲ್ಲಿ, ಮಸಿ ಒಣಗಿದ ಪೆನ್ನು ಮತ್ತು ಕಾಲು ಮುರಿದ ಕನ್ನಡಕಗಳ ನಡುವೆ, ಹತ್ತಾರು ವರ್ಷ ಬಿದ್ದಿರುತ್ತದೆ. ಒಂದು ದಿನ ಮೊಮ್ಮಗನಿಗೋ ಮೊಮ್ಮಗಳಿಗೋ ಅದು ಕಣ್ಣಿಗೆ ಬಿದ್ದು, ಹತ್ತಿರದ ರಿಪೇರಿ ಅಂಗಡಿಗೆ ಹೋಗುತ್ತದೆ. “ಹೊಸದರಂತೆ ಮಾಡಿಕೊಡಿ” ಎಂಬುದೇ ಅಲ್ಲಿ ಕೊಡುವ ಸೂಚನೆ. ವಾರದೊಳಗೆ ಗಡಿಯಾರ ಹೊಸದರಂತೆಯೇ ಮರಳಿ ಬರುತ್ತದೆ: ಡಯಲಿಗೆ ಹೊಸ ಬಣ್ಣ, ಕೇಸಿಗೆ ಹೊಸ ಹೊಳಪು, ಹೊಸ ಮುಳ್ಳುಗಳು. ಮನೆಯವರಿಗೆ ಸಂತೋಷವಾಗುತ್ತದೆ. ಆ ಒಂದು ವಾರದಲ್ಲಿ ಅಳಿಸಿಹೋದುದು ಏನು ಎಂಬುದನ್ನು ಕೇಳುವವರು ವಿರಳ.

ಅಳಿಸಿಹೋದುದು ಒಂದು ದಾಖಲೆ. ಯಾಂತ್ರಿಕ ಕೈಗಡಿಯಾರವು ವೇಳೆ ತೋರಿಸುವ ಸಾಧನವಷ್ಟೇ ಅಲ್ಲ. ಅದು ಎಲ್ಲಿ ತಯಾರಾಯಿತು, ಯಾವ ಪೇಟೆಗೆ ಬಂದಿತು, ಎಷ್ಟು ಸಲ ಕೆಟ್ಟಿತು, ಯಾರು ಸರಿಪಡಿಸಿದರು ಎಂಬುದೆಲ್ಲ ಅದರ ಲೋಹದ ಮೇಲೆಯೇ ಬರೆದಿರುತ್ತದೆ. ಆದುದರಿಂದ ಅದರ ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಅದನ್ನು ಓದಬೇಕು. ಈ ಕ್ರಮ ಪುಣೆಯವರಿಗೆ ಅಪರಿಚಿತವಾದುದಲ್ಲ. ಇದೇ ಊರಿನ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ೧೯೧೯ರಲ್ಲಿ ಮೊದಲಾದ ಮಹಾಭಾರತದ ಪರಿಷ್ಕರಣವು ೧೯೬೬ರಲ್ಲಿ ಮುಗಿಯಿತು. ೧೯೨೫ರಿಂದ ೧೯೪೩ರಲ್ಲಿ ತೀರಿಕೊಳ್ಳುವವರೆಗೆ ಅದರ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಕ್ಥಣಕರರು ಇಟ್ಟುಕೊಂಡ ಶಿಸ್ತು ಪ್ರಸಿದ್ಧವೇ ಆಗಿದೆ: ಮೊದಲು ಪ್ರತಿಗಳನ್ನು ಓದುವುದು, ಬಳಿಕ ಪಾಠವನ್ನು ನಿರ್ಣಯಿಸುವುದು, ಆಧಾರ ಸಾಲದ ಕಡೆ ಅಕ್ಷರಗಳ ಕೆಳಗೆ ಅಲೆಗೆರೆ ಎಳೆದು ಸಂಶಯವನ್ನು ಸಂಶಯವಾಗಿಯೇ ಉಳಿಸುವುದು. ಒಂದು ಲಕ್ಷ ಶ್ಲೋಕದ ಗ್ರಂಥಕ್ಕೆ ಸಲ್ಲುವ ವಿವೇಕವನ್ನು ಅಂಗೈಯಲ್ಲಿ ಅಡಗುವ ಯಂತ್ರಕ್ಕೆ ಅನ್ವಯಿಸುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಎರಡು ಕಡೆಗಳಲ್ಲಿಯೂ ಸಂಭವಿಸುವ ತಪ್ಪು ಒಂದೇ ಜಾತಿಯದು.

ಓದುವಿಕೆ ಡಯಲಿನಿಂದ ಮೊದಲಾಗುತ್ತದೆ; ಮೋಸಹೋಗುವುದೂ ಅಲ್ಲಿಯೇ. ಡಯಲಿನ ಮೇಲಿನ ಹೆಸರು ತಯಾರಕನದೇ ಆಗಿರಬೇಕೆಂಬ ನಿಯಮವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಲ್ಲಿ ಒಳಯಂತ್ರದ ಮೂಲಭಾಗಗಳನ್ನು ಒಂದು ಕಾರ್ಖಾನೆ ಮಾಡುತ್ತಿತ್ತು; ಕೇಸು, ಡಯಲು, ಮುಳ್ಳುಗಳನ್ನು ಬೇರೆ ಬೇರೆ ಕುಶಲಿಗಳು ಒದಗಿಸುತ್ತಿದ್ದರು; ಇವನ್ನೆಲ್ಲ ಕೂಡಿಸಿ ತನ್ನ ಹೆಸರಿನಲ್ಲಿ ಮಾರುವವನು ಮತ್ತೊಬ್ಬ. ದೂರದ ಪೇಟೆಯ ಅಂಗಡಿಕಾರನು ತನ್ನ ಹೆಸರನ್ನೇ ಮುದ್ರಿಸಿ ತರಿಸಿಕೊಳ್ಳುವುದೂ ಉಂಟು. ಹೀಗಾಗಿ ಡಯಲಿನ ಹೆಸರನ್ನು ಗ್ರಂಥದ ಹೊದಿಕೆಯ ಮೇಲಿನ ಹೆಸರಿನಂತೆ ಎಣಿಸಬೇಕೇ ಹೊರತು ಕರ್ತೃವಿನ ಅಂಕಿತವೆಂದು ಎಣಿಸಬಾರದು.

ಪುಣೆಗೆ ಬಂದು ನೆಲೆಸಿದ ಕನ್ನಡ ಮನೆತನಗಳ ಗಡಿಯಾರಗಳಲ್ಲಿ ಸ್ಥೂಲವಾಗಿ ಎರಡು ಪರಂಪರೆಗಳನ್ನು ನಿರೀಕ್ಷಿಸಬಹುದು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿಂದ ಓದಿಗೋ ಸರಕಾರಿ ನೌಕರಿಗೋ ಪುಣೆಗೆ ಬರುತ್ತಿದ್ದವರಿಗೆ ದೊಡ್ಡ ಪೇಟೆಯೆಂದರೆ ಮುಂಬಯಿ. ಆ ಪೇಟೆಯಲ್ಲಿ ಸ್ವಿಸ್ ಗಡಿಯಾರಗಳ ವ್ಯಾಪಾರ ಹಳೆಯದು. ೧೭೩೭ರಲ್ಲಿ ಲ ಲೋಕ್ಲ್ ಎಂಬ ಊರಿನಲ್ಲಿ ಹುಟ್ಟಿದ ಮನೆತನಕ್ಕೆ ಸೇರಿದ ಫಾವ್ರ್-ಲ್ಯೂಬಾ ಸಂಸ್ಥೆಯು ೧೮೬೫ರಲ್ಲಿಯೇ ಮುಂಬಯಿಯಲ್ಲಿ ವ್ಯಾಪಾರ ಆರಂಭಿಸಿತು. ೧೯೫೦ ಮತ್ತು ೬೦ರ ದಶಕಗಳ ‘ಸೀ ಚೀಫ್’, ‘ಸೀ ಕಿಂಗ್’ ಗಡಿಯಾರಗಳು ನಮ್ಮ ದೇಶದ ಹಳೆಯ ಮನೆಗಳಲ್ಲಿ ಇಂದಿಗೂ ದೊರೆಯುತ್ತವೆ. ೧೮೮೬ರಷ್ಟು ಹಳೆಯದಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಡಯಲುಗಳ ಮೇಲೆ ಮುಂಬಯಿ ಕಲ್ಕತ್ತಗಳ ಹೆಸರುಗಳೇ ಮುದ್ರಿತವಾಗಿರುವುದುಂಟು. ಅದರ ‘ಸವಾರ್’ ಎಂಬ ಗಡಿಯಾರಕ್ಕೆ ಇಟ್ಟುದು ಇಲ್ಲಿಯ ಕುದುರೆ ಸೈನಿಕನ ಹೆಸರು. ಡಯಲಿನ ಮೇಲೆ ಮುಂಬಯಿಯೆಂದಿದ್ದರೂ ಒಳಗಿನ ಯಂತ್ರ ಸಂತ್ ಇಮಿಯೆ ಕಣಿವೆಯ ಲಾಂಜೀನ್ ಕಾರ್ಖಾನೆಯದಾಗಿರಬಹುದು. ಕಾಲ ಮುಂದುವರಿದಂತೆ ಬೇರೆ ಕಾರ್ಖಾನೆಗಳದೂ ಆಗಿರಬಹುದು. ಲಾಂಜೀನ್ ಯಂತ್ರವಾಗಿದ್ದರೆ ಒಂದು ಅನುಕೂಲವುಂಟು. ಆ ಸಂಸ್ಥೆ ತನ್ನ ಹಳೆಯ ಕೈಬರಹದ ವಹಿಗಳನ್ನು ಕಾಪಾಡಿಕೊಂಡು ಬಂದಿದೆ; ಯಂತ್ರದ ಕ್ರಮಸಂಖ್ಯೆ ತಿಳಿಸಿದರೆ ಅದು ಯಾವ ವರ್ಷ ಯಾರಿಗೆ ರವಾನೆಯಾಯಿತೆಂಬ ನಮೂದನ್ನು ಹುಡುಕಿಸಲು ಸಾಧ್ಯ.

ಎರಡನೆಯ ಪರಂಪರೆ ಬೆಂಗಳೂರಿನದು. ೧೯೫೩ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮಶೀನ್ ಟೂಲ್ಸ್ ಸಂಸ್ಥೆಯು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಅದರ ಮೊದಲ ಗಡಿಯಾರಗಳನ್ನು ಪ್ರಧಾನಿ ನೆಹರೂ ಅವರು ಬಿಡುಗಡೆ ಮಾಡಿದರು. ವಿದೇಶೀ ವಿನಿಮಯದ ಅಭಾವದಿಂದ ಆಮದು ಬಿಗಿಯಾಗಿದ್ದ ಕಾಲವದು. ಸ್ವಿಸ್ ಗಡಿಯಾರ ಬೇಕೆಂದವರು ಕಳ್ಳದಾರಿಯ ಸರಕನ್ನು ನೆಚ್ಚಬೇಕಾಗಿತ್ತು. ಆ ಕಾಲದ ಸ್ವಿಸ್ ಗಡಿಯಾರಕ್ಕೆ ರಸೀದಿಯಿಲ್ಲವೆಂದು ಈಗ ಪರಿತಪಿಸುವುದು ವ್ಯರ್ಥ. ಬಹಳ ಗಡಿಯಾರಗಳಿಗೆ ರಸೀದಿ ಎಂದೂ ಇರಲಿಲ್ಲ. ಬೆಂಗಳೂರಿನ ಗಡಿಯಾರವಾದರೋ ಯಾವ ಸಂಕೋಚವೂ ಇಲ್ಲದೆ ಕೊಳ್ಳಬಹುದಾದುದು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ನಿವೃತ್ತನಾಗುವ ಗುಮಾಸ್ತನಿಗೆ ಎಚ್.ಎಂ.ಟಿ. ಕೊಡುವುದು ಮುಂದಿನ ಮೂರು ದಶಕಗಳ ರೂಢಿಯಾಯಿತು. ‘ಜನತಾ’, ‘ಕೊಹಿನೂರ್’, ‘ಪೈಲಟ್’, ‘ಜವಾನ್’, ತೆಳ್ಳನೆಯ ‘ಸೋನಾ’, ಚಾವಿ ಕೊಡದೆಯೇ ನಡೆಯುವ ‘ಕಾಂಚನ್’ ಮುಂತಾದ ಹೆಸರುಗಳು ಮನೆಮಾತಾಗಿದ್ದವು. ಸಿಟಿಜನ್ ಸಂಸ್ಥೆಯ ಹೆಸರೂ ಎಚ್.ಎಂ.ಟಿ. ಗುರುತೂ ಒಂದೇ ಡಯಲಿನ ಮೇಲಿದ್ದರೆ ಅದು ಆರಂಭದ ವರ್ಷಗಳ ಗಡಿಯಾರವೆಂದು ತಿಳಿಯಬಹುದು. ‘ಪ್ಯಾರಾಶಾಕ್’ ಎಂಬ ಪದ ಕಂಡರೆ ಅದು ಗಡಿಯಾರದ ಹೆಸರಲ್ಲ. ಕೆಳಗೆ ಬಿದ್ದಾಗ ಆಗುವ ಆಘಾತವನ್ನು ತಡೆಯಲು ಸಿಟಿಜನ್ ಸಂಸ್ಥೆ ೧೯೫೬ರಲ್ಲಿ ಬಳಕೆಗೆ ತಂದ ಏರ್ಪಾಡಿನ ಹೆಸರು. ಹೀಗೆ ಒಂದೇ ಪುಣೆಯ ಎರಡು ಕನ್ನಡ ಮನೆಗಳ ಸೆಳೆಖಾನೆಗಳಲ್ಲಿ, ಒಂದರಲ್ಲಿ ಮುಂಬಯಿಯ ಕಡೆಗೆ ಮುಖಮಾಡಿದ ತಲೆಮಾರು, ಇನ್ನೊಂದರಲ್ಲಿ ಬೆಂಗಳೂರಿನ ಕಡೆಗೆ ತಿರುಗಿದ ತಲೆಮಾರು ಕುಳಿತಿರಬಹುದು.

ಡಯಲಿನ ಸಾಕ್ಷ್ಯ ಇಷ್ಟರದು. ನಿಜವಾದ ಓದು ಬೆನ್ನ ಮುಚ್ಚಳವನ್ನು ತೆಗೆದ ಮೇಲೆ. ಈ ಕೆಲಸವನ್ನು ಮನೆಯಲ್ಲಿ ಚಾಕುವಿನಿಂದ ಮಾಡತಕ್ಕದ್ದಲ್ಲ. ತಕ್ಕ ಉಪಕರಣವುಳ್ಳ ಕುಶಲಿಯಿಂದ ತೆಗೆಸಿ, ಏನನ್ನೂ ಮುಟ್ಟುವ ಮೊದಲು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ರಿಪೇರಿಯವರ ಮಾತಿನಲ್ಲಿ ‘ಮಶೀನು’ ಎನಿಸಿಕೊಳ್ಳುವ ಒಳಯಂತ್ರದ ಮೇಲೆ, ಅನೇಕ ವೇಳೆ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ, ತಯಾರಿಸಿದ ಕಾರ್ಖಾನೆಯ ಸಣ್ಣ ಮುದ್ರೆಯೂ ಯಂತ್ರದ ಮಾದರಿಯ ಸಂಖ್ಯೆಯೂ ಇರುತ್ತವೆ. ‘ಜನತಾ’ದಲ್ಲಿ ಬಹುಪ್ರಸಿದ್ಧವಾದುದು ೦೨೩೧ ಎಂಬ ಸಂಖ್ಯೆ. ಡಯಲು ಏನೇ ಹೇಳಲಿ, ಈ ಮುದ್ರೆಗೆ ವಿರುದ್ಧವಾದರೆ ಡಯಲಿನ ಮಾತನ್ನು ಬಿಡಬೇಕು. ಅಜ್ಜನು ೧೯೫೫ರಲ್ಲಿ ನಿವೃತ್ತನಾದಾಗ ಬಂದ ಗಡಿಯಾರವಿದು ಎಂದು ಮನೆಯಲ್ಲಿ ಹೇಳುತ್ತ ಬಂದಿದ್ದು, ಒಳಗೆ ಎಚ್.ಎಂ.ಟಿ.ಯ ೦೨೩೧ ದೊರೆತರೆ, ಆ ಕಥೆ ನಿಲ್ಲದು. ಅಂದಮಾತ್ರಕ್ಕೆ ಯಾರೋ ಸುಳ್ಳು ಹೇಳಿದರೆಂದಲ್ಲ. ಹಳೆಯ ಗಡಿಯಾರ ಕಳೆದುಹೋಗಿ ಅದರ ಕಥೆ ಹೊಸ ಗಡಿಯಾರಕ್ಕೆ ಅಂಟಿಕೊಂಡಿರಬಹುದು. ಸ್ಥಳಪುರಾಣಗಳಲ್ಲಿ ನಡೆಯುವುದೇ ಮನೆಗಳಲ್ಲಿಯೂ ನಡೆಯುತ್ತದೆ.

ಮುಚ್ಚಳದ ಒಳಮೈಯನ್ನು ಭೂತಗನ್ನಡಿಯಲ್ಲಿ ಓರೆಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಕೂದಲೆಳೆಯಂಥ ಗೀರುಗಳು ಕಾಣಬಹುದು: ಕೆಲವು ಅಂಕಿಗಳು, ಒಂದೆರಡು ಅಕ್ಷರಗಳು, ಅರ್ಥವಾಗದ ಚಿಹ್ನೆ. ಗಡಿಯಾರವನ್ನು ಬಿಚ್ಚಿ ಎಣ್ಣೆ ಹಾಕಿದ ಕುಶಲಿಗಳು ತಮ್ಮ ನೆನಪಿಗಾಗಿ ಗೀರಿಟ್ಟ ಗುರುತುಗಳಿವು; ಕೆಲವೊಮ್ಮೆ ತಿಂಗಳು ವರ್ಷಗಳೂ ಇರುತ್ತವೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆದಿಡುವ ಒಕ್ಕಣೆಗೆ ಇವು ಸಮಾನ. ಇವುಗಳ ಬೆಲೆ ತಿಳಿಯಬೇಕಾದರೆ ಪುಣೆಯದೇ ಒಂದು ಸಂದರ್ಭವನ್ನು ತೆಗೆದುಕೊಳ್ಳಬಹುದು. ೧೯೬೧ರ ಜುಲೈ ೧೨ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ನೀರಿನ ರಭಸಕ್ಕೆ ಖಡಕವಾಸಲೆಯ ಅಣೆಕಟ್ಟೂ ಉಳಿಯದೆ, ನದಿಯ ದಂಡೆಯ ಪೇಠೆಗಳು ಮುಳುಗಿದವು. ತುಕ್ಕು ಹಿಡಿದ ಗಡಿಯಾರವೊಂದು ‘ಆ ಪೂರದಲ್ಲಿ ಮುಳುಗಿದ್ದು’ ಎಂದು ಹೇಳುವ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬರಿಯ ತುಕ್ಕು ಇದಕ್ಕೆ ಸಾಕ್ಷಿಯಲ್ಲ. ಕೈಬೆವರಿನಿಂದಲೂ ಮಳೆಯಿಂದಲೂ ತುಕ್ಕು ಬರುತ್ತದೆ. ಆದರೆ ಮುಚ್ಚಳದ ಒಳಗೆ ಅದೇ ವರ್ಷದ ಆಗಸ್ಟಿನ ಗುರುತೊಂದು ಇದ್ದರೆ, ಕಥೆಗೆ ಒಂದು ಆಧಾರ ಒದಗುತ್ತದೆ. ಮುಚ್ಚಳವನ್ನು ಒಳಗೂ ಹೊರಗೂ ತಿಕ್ಕಿ ಹೊಳಪೇರಿಸುವ ಕೈ ಐದು ನಿಮಿಷದಲ್ಲಿ ಆ ಆಧಾರವನ್ನು ತೆಗೆದುಹಾಕಬಲ್ಲದು.

ದಂಡಿನ ಊರಾದ ಪುಣೆಯಲ್ಲಿ ಮತ್ತೊಂದು ಬಗೆಯ ಮುದ್ರೆಯೂ ಕಣ್ಣಿಗೆ ಬೀಳಬಹುದು: ಮುಚ್ಚಳದ ಮೇಲೆ ಬಾಣದ ಗುರುತು. ಬ್ರಿಟಿಷ್ ಸರಕಾರದ ಸ್ವತ್ತಿಗೆ ಹಾಕುತ್ತಿದ್ದ ಗುರುತದು. ಎರಡನೆಯ ಮಹಾಯುದ್ಧದ ಸೈನ್ಯದ ಗಡಿಯಾರಗಳಲ್ಲಿ ಇದರೊಡನೆ ಎ.ಟಿ.ಪಿ. ಎಂಬ ಅಕ್ಷರಗಳು ಇರುವುದುಂಟು. ಇದರಿಂದ ಹಿರಿಯರು ಯುದ್ಧಕ್ಕೆ ಹೋಗಿದ್ದರೆಂದು ತೀರ್ಮಾನಿಸುವುದು ಆತುರ. ಗಡಿಯಾರ ಸೈನ್ಯದಲ್ಲಿತ್ತು ಎಂಬಷ್ಟನ್ನೇ ಅದು ಹೇಳುತ್ತದೆ. ಹಳೆಯ ಸಾಮಾನಿನ ಪೇಟೆಯ ಮೂಲಕ ಮನೆಗೆ ಬಂದಿರಲೂಬಹುದು. ಈಚೆಗೆ ಸುಳ್ಳು ಬಾಣಗಳನ್ನು ಒತ್ತಿ ಮಾರುವವರೂ ಇದ್ದಾರೆ.

ಇನ್ನು ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿಯದೆ ರಿಪೇರಿಯ ಮಾತು ಅರ್ಥವಾಗದು. ಚಾವಿ ಕೊಟ್ಟಾಗ ಉಕ್ಕಿನ ಪಟ್ಟಿಯೊಂದು ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಮೂಲಕ ಹರಿದು, ಕೊನೆಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅನುಮತಿ ಪಡೆದು ಹನಿಹನಿಯಾಗಿ ಹೊರಬೀಳುತ್ತದೆ. ‘ಜನತಾ’ದಂಥ ಗಡಿಯಾರದಲ್ಲಿ ಈ ಮಿಡಿತ ಗಂಟೆಗೆ ೧೮,೦೦೦, ದಿನಕ್ಕೆ ೪,೩೨,೦೦೦. ದಿನಕ್ಕೆ ಅರ್ಧ ನಿಮಿಷ ಮುಂದೋಡುವ ಗಡಿಯಾರವನ್ನು ಜನ ಕೆಟ್ಟಿದೆಯೆನ್ನುತ್ತಾರೆ. ಆದರೆ ಲೆಕ್ಕ ಹಾಕಿದರೆ ಅದರ ತಪ್ಪು ೨,೮೮೦ರಲ್ಲಿ ಒಂದು ಪಾಲು ಮಾತ್ರ. ಡಯಲಿನ ಮೇಲಿನ ‘೧೭ ಜ್ಯೂವೆಲ್ಸ್’ ಎಂಬ ಮಾತಿನ ವಿಷಯದಲ್ಲಿಯೂ ಭ್ರಾಂತಿಯುಂಟು. ಅವು ಒಡವೆಯ ರತ್ನಗಳಲ್ಲ. ಸವೆತ ತಡೆಯಲು ಅಚ್ಚುಗಳ ತುದಿಯಲ್ಲಿಯೂ ತಿಕ್ಕಾಟದ ಕಡೆಗಳಲ್ಲಿಯೂ ಇಟ್ಟ ಕೃತಕ ಕೆಂಪಿನ ಕಲ್ಲುಗಳು. ಮಾರಿದರೆ ಅವುಗಳಿಗೆ ಬೆಲೆಯಿಲ್ಲ. ಕಲ್ಲಿಗೂ ಅಚ್ಚಿಗೂ ನಡುವೆ ನಿಲ್ಲುವ ಎಣ್ಣೆಯ ಸೂಕ್ಷ್ಮ ಬಿಂದುವೇ ಗಡಿಯಾರದ ಆಯುಸ್ಸು. ವರ್ಷಗಳು ಕಳೆದಂತೆ ಅದು ಒಣಗುತ್ತದೆ, ಇಲ್ಲವೆ ಗೋಂದಾಗುತ್ತದೆ. ಇಪ್ಪತ್ತು ವರ್ಷ ಸೆಳೆಖಾನೆಯಲ್ಲಿದ್ದ ಗಡಿಯಾರ ಚಾವಿ ಕೊಟ್ಟೊಡನೆ ಟಿಕ್‌ಟಿಕ್ ಎಂದರೆ ಸುಸ್ಥಿತಿಯಲ್ಲಿದೆಯೆಂದು ಹಿಗ್ಗಬಾರದು. ಎಣ್ಣೆಯಿಲ್ಲದೆ ನಡೆಯುವ ಪ್ರತಿದಿನವೂ ಅಚ್ಚುಗಳನ್ನು ಅರೆಯುವ ದಿನ.

ಆದುದರಿಂದ ಒಳಯಂತ್ರದ ಶುದ್ಧೀಕರಣದ ವಿಷಯದಲ್ಲಿ ಸಂಕೋಚ ಬೇಕಿಲ್ಲ. ಯಂತ್ರವನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ತೊಳೆದು, ಬ್ಯಾಲೆನ್ಸಿಗೆ ತೆಳುವಾದ ಎಣ್ಣೆ, ಸ್ಪ್ರಿಂಗಿಗೆ ಗಟ್ಟಿ ಜಿಡ್ಡು ಹೀಗೆ ಬೇರೆ ಬೇರೆ ಹಾಕಿ ಮತ್ತೆ ಕೂಡಿಸಬೇಕು. ಬಿಚ್ಚದೆ ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆಯುವ ಅಭ್ಯಾಸವೂ ಇದೆ. ಅಗ್ಗದ ಕೆಲಸ, ಒಂದೆರಡು ತಿಂಗಳು ಗಡಿಯಾರ ನಡೆಯುವುದೂ ನಿಜ. ಕೊಳೆ ಮಾತ್ರ ಹೊರಗೆ ಹೋಗದೆ ಕರಗಿ ಕಲ್ಲುಗಳ ರಂಧ್ರಗಳಿಗೇ ಇಳಿಯುತ್ತದೆ. ಸೋತ ಸ್ಪ್ರಿಂಗನ್ನು ಬದಲಾಯಿಸುವುದರಲ್ಲಿ ತಪ್ಪಿಲ್ಲ. ಓಲೆಗರಿಯ ಕಟ್ಟಿಗೆ ಹೊಸ ದಾರ ಪೋಣಿಸಿದರೆ ಪಾಠ ಕೆಡುವುದಿಲ್ಲ. ಗಾಜು, ಪಟ್ಟಿ, ನೀರು ತಡೆಯುವ ರಬ್ಬರಿನ ಬಳೆ ಇವೂ ಅದೇ ವರ್ಗದವು.

ಪಾಠ ಕೆಡುವುದು ಡಯಲಿನಲ್ಲಿ ಮತ್ತು ಕೇಸಿನಲ್ಲಿ. ಹಳದಿಗಟ್ಟಿದ, ಅಲ್ಲಲ್ಲಿ ಚುಕ್ಕೆಬಿದ್ದ ಡಯಲನ್ನು ಕೆರೆದು ಹೊಸ ಬಣ್ಣ ಬಳಿದು ಅಕ್ಷರಗಳನ್ನು ಮತ್ತೆ ಮುದ್ರಿಸುವುದು ಸುಲಭ. ಹಿಂದಿನ ಮುದ್ರಣವನ್ನು ಮರಳಿ ಪಡೆಯುವುದು ಯಾರಿಗೂ ಸಾಧ್ಯವಿಲ್ಲ. ಹೊಸ ಮುದ್ರಣ ಎಷ್ಟೇ ಅಂದವಾಗಿರಲಿ, ಅದು ಸಂಪಾದಕನು ತಾನೇ ರಚಿಸಿ ಸೇರಿಸಿದ ಶ್ಲೋಕ. ಇದು ಒಂದು ಗಡಿಯಾರದ ಮಾತಾಗಿ ಉಳಿದಿಲ್ಲ. ಹಳೆಯ ಎಚ್.ಎಂ.ಟಿ., ಫಾವ್ರ್-ಲ್ಯೂಬಾ ಮತ್ತು ವೆಸ್ಟ್ ಎಂಡ್ ಯಂತ್ರಗಳಿಗೆ ಹೊಸದಾಗಿ ಬಣ್ಣ ಬಳಿದ ಡಯಲುಗಳನ್ನು ಹಾಕಿ, ಸಿಕ್ಕ ಕೇಸಿನಲ್ಲಿ ಕೂಡಿಸಿ ದೇಶವಿದೇಶಗಳಿಗೆ ಮಾರುವ ಉದ್ಯಮವೇ ಬೆಳೆದಿದ್ದು, ಇಂಥವು ಸಂಗ್ರಾಹಕರ ವಲಯದಲ್ಲಿ ಮುಂಬಯಿಯ ಹೆಸರಿನಿಂದಲೇ ಕುಪ್ರಸಿದ್ಧವಾಗಿವೆ. ಕಾರ್ಖಾನೆ ಎಂದೂ ಬಳಸದ ಗಾಢ ಕಿತ್ತಳೆ, ನೀಲಿ ಬಣ್ಣಗಳು. ಅಂಚು ಒಡೆದ ಅಕ್ಷರಗಳು. ನಿಮಿಷದ ಗೆರೆಗಳಿಗೆ ಸರಿಹೊಂದದ ಅಂಕಿಗಳು. ಕಾಲು ಮುರಿದು ಅಂಟಿನಿಂದ ಕೂರಿಸಿದ ಡಯಲು: ಇವು ಅದರ ಲಕ್ಷಣಗಳು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಇದನ್ನು ಮಿಶ್ರಪಾಠವೆನ್ನಬಹುದು. ನಡುಗೆಯಲ್ಲಿ ದೋಷವಿಲ್ಲದಿದ್ದರೂ ಸಾಕ್ಷಿಯಾಗಿ ಅದು ನಿಷ್ಪ್ರಯೋಜಕ. ತನ್ನ ಅಜ್ಜನ ಗಡಿಯಾರವನ್ನು ಹಣ ಕೊಟ್ಟು ಇಂಥ ಮಿಶ್ರಪಾಠವಾಗಿ ಮಾಡಿಸಿಕೊಳ್ಳುವುದು ವಿಷಾದದ ಸಂಗತಿಯೇ ಸರಿ.

ಕೇಸಿನ ವಿಷಯವೂ ಹೀಗೆಯೇ. ಸಾಧಾರಣ ಬೆಲೆಯ ಹಳೆಯ ಗಡಿಯಾರಗಳ ಕೇಸು ಅನೇಕ ವೇಳೆ ಹಿತ್ತಾಳೆಯದು. ಮೇಲೆ ಕ್ರೋಮಿಯಮ್ಮಿನದೋ ಚಿನ್ನದ್ದೋ ಲೇಪ. ಬೆನ್ನು ಮಾತ್ರ ಸ್ಟೇನ್‌ಲೆಸ್ ಉಕ್ಕು. ‘೨೦ ಮೈಕ್ರಾನ್’ ಎಂದಿದ್ದರೆ ಚಿನ್ನದ ಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಪಾಲಿಶಿನ ಚಕ್ರಕ್ಕೆ ಕೊಟ್ಟರೆ ಹೋಗುವುದು ಗೀರುಗಳಷ್ಟೇ ಅಲ್ಲ, ಲೇಪವೂ ಹೋಗಿ ಹಿತ್ತಾಳೆ ಇಣುಕುತ್ತದೆ. ಅಂಚುಗಳ ಹರಿತ ಕರಗುತ್ತದೆ. ಮೆತ್ತನೆಯ ಬಟ್ಟೆಯಿಂದ ಬೆವರಿನ ಜಿಡ್ಡನ್ನು ಒರೆಸಿದರೆ ಸಾಕು. ಎಡಗೈಯ ಮಣಿಕಟ್ಟು ಮೇಜಿಗೆ ತಾಗುತ್ತಿದ್ದ ಜಾಗದಲ್ಲಿ ಸವೆದ ಲೇಪವು ಬರೆಯುವ ಉದ್ಯೋಗದವನ ಗುರುತಾಗಿರಬಹುದು. ಅದನ್ನು ಉಳಿಸಿಕೊಳ್ಳುವುದರಿಂದ ಯಾರಿಗೂ ನಷ್ಟವಿಲ್ಲ.

ಒಂದು ಎಚ್ಚರಿಕೆ ಮಾತ್ರ ರುಚಿಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ೧೯೬೦ರ ದಶಕಕ್ಕೆ ಹಿಂದಿನ, ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಗಳುಳ್ಳ ಗಡಿಯಾರಗಳಲ್ಲಿ ರೇಡಿಯಂ ಬೆರೆತ ಬಣ್ಣವಿರುವ ಸಂಭವ ಹೆಚ್ಚು. ಈಗ ಅದು ಹೊಳೆಯುವುದಿಲ್ಲವಾದುದರಿಂದ ಸತ್ತುಹೋಯಿತೆಂದು ತಿಳಿಯುವುದು ಅಪಾಯ. ಸೋತದ್ದು ಬೆಳಕು ಕೊಡುವ ಸತುವಿನ ಗಂಧಕದ ಸಂಯುಕ್ತ; ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು ೧,೬೦೦ ವರ್ಷ. ಕಂದುಬಣ್ಣಕ್ಕೆ ತಿರುಗಿ ಪುಡಿಯುದುರುವ ಅಂಥ ಬಣ್ಣವನ್ನು ಕೆರೆಯಬಾರದು, ಊದಬಾರದು, ಮಕ್ಕಳಿರುವ ಕೋಣೆಯಲ್ಲಿ ಮುಚ್ಚಳ ತೆರೆಯಬಾರದು. ಆ ಧೂಳು ದೇಹದೊಳಗೆ ಹೋಗುವುದೇ ಮುಖ್ಯ ಅಪಾಯ. ಡಯಲಿನ ತಳದಲ್ಲಿ ‘ಸ್ವಿಸ್ ಮೇಡ್’ ಎಂಬುದರ ಎರಡು ಬದಿಗೂ ‘ಟಿ’ ಅಕ್ಷರವಿದ್ದರೆ ಅದು ಬಳಿಕ ಬಂದ ಟ್ರಿಟಿಯಮ್ಮಿನ ಗುರುತು. ಅದರ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕೆ ತುಸು ಮೇಲೆ. ಅಪಾಯವೂ ಬಹಳ ಕಡಮೆ.

ಬಿಡಿಭಾಗಗಳ ಪ್ರಶ್ನೆ ದಿನದಿನಕ್ಕೆ ಕಠಿಣವಾಗುತ್ತಿದೆ. ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಕ್ವಾರ್ಟ್ಸ್ ಹರಳಿನ ಗಡಿಯಾರಗಳು ಬಂದ ಮೇಲೆ ಚಾವಿಯ ಗಡಿಯಾರಗಳ ಕಾಲ ಮುಗಿಯುತ್ತ ಬಂತು. ೧೯೮೪ರಲ್ಲಿ ಸ್ಥಾಪಿತವಾಗಿ ಹೊಸೂರಿನಲ್ಲಿ ಬೆಳೆದ ಟೈಟನ್ ಸಂಸ್ಥೆಯ ಸ್ಪರ್ಧೆಯನ್ನು ಎಚ್.ಎಂ.ಟಿ. ತಾಳಲಾಗಲಿಲ್ಲ. ೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯೂ ನಿಂತಿತು. ಫಾವ್ರ್-ಲ್ಯೂಬಾ ಹೆಸರನ್ನು ೨೦೧೧ರಲ್ಲಿ ಕೊಂಡುದು ಅದೇ ಟೈಟನ್. ಬಳಿಕ ಅದೂ ಕೈಬದಲಾಯಿತು. ಹೀಗಾಗಿ ಅಚ್ಚು ಮುರಿದ ಬ್ಯಾಲೆನ್ಸಿಗೆ ಬದಲಿ ಬೇಕಾದರೆ ಅದೇ ಮಾದರಿಯ ಮತ್ತೊಂದು ಹಳೆಯ ಯಂತ್ರವನ್ನು ಹುಡುಕಿ ಬಿಚ್ಚಬೇಕು. ಎಚ್.ಎಂ.ಟಿ. ಯಂತ್ರಗಳು ಬಹುಸಂಖ್ಯೆಯಲ್ಲಿ ತಯಾರಾದುದರಿಂದ ಇದು ಇನ್ನೂ ಅಸಾಧ್ಯವಾಗಿಲ್ಲ. ಪುಣೆಯಲ್ಲಿ ಭಾನುವಾರ ಮತ್ತು ಬುಧವಾರಗಳಂದು ಸೇರುವ ಜೂನಾ ಬಾಜಾರಿನಂಥ ಕಡೆಗಳಲ್ಲಿ ತಾಳ್ಮೆಯುಳ್ಳವರಿಗೆ ಕೆಟ್ಟುನಿಂತ ಗಡಿಯಾರಗಳು ದೊರೆಯಬಹುದು. ಒಂದು ಗಡಿಯಾರವನ್ನು ಉಳಿಸಲು ಇನ್ನೊಂದನ್ನು ಅಳಿಸುವುದು ನ್ಯಾಯವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೊದಲೇ ಮಿಶ್ರಪಾಠವಾಗಿಹೋದ, ಬಣ್ಣ ಬಳಿದ ಗಡಿಯಾರದ ಯಂತ್ರವನ್ನು ಆರಿಸಿಕೊಂಡರೆ ಆ ಸಂಕೋಚ ತಕ್ಕಮಟ್ಟಿಗೆ ತೀರುತ್ತದೆ.

ಅಂಗಡಿಗೆ ಕೊಡುವಾಗ ಸೂಚನೆಯನ್ನು ಬಾಯಿಮಾತಿನಲ್ಲಿ ಬಿಡದೆ ಚೀಟಿಯಲ್ಲಿ ಬರೆದುಕೊಡುವುದು ಲೇಸು: ಯಂತ್ರವನ್ನು ಬಿಚ್ಚಿ ತೊಳೆದು ಎಣ್ಣೆ ಹಾಕುವುದು, ಡಯಲನ್ನೂ ಮುಳ್ಳುಗಳನ್ನೂ ಮುಟ್ಟಬಾರದು, ಕೇಸಿಗೆ ಪಾಲಿಶ್ ಬೇಡ, ತೆಗೆದ ಪ್ರತಿಯೊಂದು ಭಾಗವನ್ನೂ ಹಿಂದಿರುಗಿಸಬೇಕು. ಈ ಕೊನೆಯ ಷರತ್ತಿಗೆ ಕೆಲವು ಕುಶಲಿಗಳು ನಗುತ್ತಾರೆ. ಒಳ್ಳೆಯ ಕುಶಲಿ ನಗುವುದಿಲ್ಲ. ಮರಳಿ ಬಂದ ಮೇಲೆ ಒಂದು ದಿನದ ನಡಿಗೆಯಿಂದ ತೀರ್ಪು ಕೊಡಬಾರದು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ, ತಡೆ ಕಾಣುವವರೆಗೆ ಮೆಲ್ಲನೆ ಚಾವಿ ಕೊಟ್ಟು, ಒಂದು ರಾತ್ರಿ ಡಯಲು ಮೇಲಾಗಿ, ಮರುರಾತ್ರಿ ಡಯಲು ಕೆಳಗಾಗಿ, ಮೂರನೆಯ ರಾತ್ರಿ ಚಾವಿ ಮೇಲಾಗಿ ಇಟ್ಟು ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೋಡತೊಡಗಿದರೆ ಬಹುಮಟ್ಟಿಗೆ ಅದು ಅಯಸ್ಕಾಂತದ ಸೋಂಕು. ಧ್ವನಿಪೆಟ್ಟಿಗೆಯ ಬಳಿಯೋ ಮೊಬೈಲಿನ ಪಕ್ಕದಲ್ಲಿಯೋ ಮಲಗಿಸಿದುದರ ಫಲ. ಕುಶಲಿ ಅದನ್ನು ಕ್ಷಣದಲ್ಲಿ ತೆಗೆಯುತ್ತಾನೆ. ಮುಚ್ಚಳದ ಮೇಲೆ ‘ವಾಟರ್‌ಪ್ರೂಫ್’ ಎಂದಿದ್ದರೂ ಅರವತ್ತು ವರ್ಷದ ಗಡಿಯಾರವನ್ನು ನೀರಿಗೆ ಒಡ್ಡತಕ್ಕದ್ದಲ್ಲ.

ಹಿಂದಿರುಗಿ ಬಂದ ಸವೆದ ಅಚ್ಚು, ಸೋತ ಸ್ಪ್ರಿಂಗು, ಹಳೆಯ ಗಾಜು ಇವನ್ನು ಒಂದು ಸಣ್ಣ ಲಕೋಟೆಯಲ್ಲಿ ಹಾಕಿ, ಯಾವ ವರ್ಷ ಯಾವ ಭಾಗವನ್ನು ಯಾವುದರಿಂದ ಬದಲಾಯಿಸಲಾಯಿತು ಎಂಬುದನ್ನು ಅದರ ಮೇಲೆ ಬರೆದು, ಮುಚ್ಚಳದ ಛಾಯಾಚಿತ್ರದೊಡನೆ ಅದೇ ಸೆಳೆಖಾನೆಯಲ್ಲಿ ಇಡುವುದು ಯುಕ್ತ. ಮನೆಯ ಕಥೆಯನ್ನೂ, ಅದರಲ್ಲಿ ಸಾಕ್ಷ್ಯಕ್ಕೆ ನಿಂತದ್ದೆಷ್ಟು, ನಿಲ್ಲದ್ದೆಷ್ಟು ಎಂಬುದನ್ನೂ ಆ ಲಕೋಟೆಯ ಹಿಂಬದಿಯಲ್ಲಿ ಬರೆಯಬಹುದು; ನಿಲ್ಲದ ಭಾಗವನ್ನು ಹೊಡೆದುಹಾಕಬೇಕಾಗಿಲ್ಲ, ಕೆಳಗೊಂದು ಅಲೆಗೆರೆ ಎಳೆದರೆ ಸಾಕು.